ಮುಷ್ಟಿಯಲ್ಲಿದ್ದ ಕೊಬ್ಬರಿ ಬೆಲ್ಲ

ಯಾರಾದರೂ ಇಂಥ ಕತೆ ಹೇಳಲು ಶುರು ಮಾಡಿದರೆ ನಾನು ಚಹಾ ಮಾಡುವ ನೆಪದಲ್ಲಿ ಎದ್ದು ಹೋಗುವವಳು. ಹುಮನಾಬಾದಿನ ಔಷಧಿ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವ ಕೆಲಸ ನನ್ನದು. ತೂಗಿ ನೋಡದೆ ಯಾವುದಕ್ಕೂ ಸಹಿ ಹಾಕುವುದಿಲ್ಲ. ಸತ್ತವರು ಕಂಡರು, ಕರೆದರು ಎಂದವರಿಗೆ, ರಾತ್ರಿ ಊಟ ಜಾಸ್ತಿಯಾಗಿರಬೇಕು ಎಂದು ನಕ್ಕು ಎಷ್ಟೋ ಜನರ ಮನಸ್ಸು ನೋಯಿಸಿದ್ದೇನೆ. ಅವರೆಲ್ಲ ಇದನ್ನು ಓದಿ ಈಗ ನನ್ನನ್ನು ನೋಡಿ ನಗಬಹುದು. ನಗಲಿ.

ನಾವಿರುವುದು ಬಸವಕಲ್ಯಾಣದಲ್ಲಿ. ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ನಮ್ಮ ಮನೆಯವರದು. ಮಗಳು ಸೃಷ್ಟಿ ಆ ಅಂಗಡಿಯಲ್ಲಿ ಮೋಟಾರು ಭೋರ್ ಎನ್ನುವಾಗಲೂ ಹಾಯಾಗಿ ನಿದ್ದೆ ಹೊಡೆಯುತ್ತಿದ್ದಳು. ಭಾರೀ ಧೈರ್ಯದ ಕೂಸು ಎಂದು ಬಂದವರೆಲ್ಲ ಹೊಗಳುತ್ತಿದ್ದರು, ನಾವೂ ಹಿಗ್ಗುತ್ತಿದ್ದೆವು. ಎರಡೂವರೆ ವರ್ಷವಾದರೂ ಅವ್ವ, ಅಪ್ಪ, ಹಾಲು ಬಿಟ್ಟರೆ ನಾಲ್ಕನೆಯ ಮಾತು ಬರದಿದ್ದಾಗ ಕಿವಿ ಡಾಕ್ಟರಿಗೆ ತೋರಿಸಿದೆವು. ಕಿವಿಪರದೆಯ ಹಿಂದೆ ಅಂಟಿನಂಥ ನೀರು ತುಂಬಿದೆ, ಅದಕ್ಕೇ ಸರಿಯಾಗಿ ಕೇಳುತ್ತಿಲ್ಲ, ಎರಡೂ ಪರದೆಗೆ ಸಣ್ಣ ತೂತು ಮಾಡಿ ಸಾಸಿವೆ ಗಾತ್ರದ ನಳಿಕೆ ಕೂರಿಸಬೇಕು, ತಡವಾದಷ್ಟೂ ಮಾತು ಹಿಂದೆ ಬೀಳುತ್ತದೆ ಎಂದರು. ಒಂದು ದಿನ ಅಳುವುದಕ್ಕೆ ಕೊಟ್ಟೆ. ಮರುದಿನದಿಂದ ತಯಾರಿ ಶುರು ಮಾಡಿದೆ.

ಹುಮನಾಬಾದಿನ ಆಸ್ಪತ್ರೆಗೆ ಆ ಡಾಕ್ಟರು ಹೊರಗಿನಿಂದ ತಿಂಗಳಿಗೊಮ್ಮೆ ಬಂದು ಆಪರೇಷನ್ ಮಾಡುತ್ತಾರೆ. ಅರಿವಳಿಕೆ ಕೊಡುವುದರಿಂದ ಮಗು ಬರಿಹೊಟ್ಟೆಯಲ್ಲಿರಬೇಕು. ಮೊದಲ ಸಲ ಎಲ್ಲವೂ ಸರಿಯಾಗಿಯೇ ನಡೆದಿತ್ತು. ಒಳಗೆ ಕರೆಯುವ ಸ್ವಲ್ಪ ಮುಂಚೆ ಸೃಷ್ಟಿಯ ದವಡೆ ಆಡುತ್ತಿರುವುದು ಕಂಡಿತು. ಬಾಯಿಗೆ ಬೆರಳು ಹಾಕಿ ತೆಗೆದರೆ ಕೊಬ್ಬರಿ ಬೆಲ್ಲ. ಪಕ್ಕದಲ್ಲಿ ಕೂತಿದ್ದ ನಮ್ಮ ಅತ್ತೆಯ ಸೆರಗಿನ ಗಂಟು ಬಿಚ್ಚಿತ್ತು.

"ಕಿವಿಗಿ ತೂತ ಹಾಕ್ತಾರಂದ್ರ ಬಾಯಿ ಸಿಹಿ ಮಾಡಬ್ಯಾಡೇನ?" ಎಂದರು ಅತ್ತೆ. "ಸೋದರಮಾವನ ತೊಡಿ ಮ್ಯಾಲ ಕುಂತು ಅವನ ಕೈಲೇ ತಿನ್ನಬೇಕಾದ ಕೂಸು. ಅವನಂತೂ ಇಲ್ಲ, ನಾನರ ತಿನ್ನಸ್ತೀನಿ ಅಂದೆ. ನಾ ಏನ್ ವಿಷಾ ಹಾಕೀನೇನು?"

ಹೊಟ್ಟೆಯಲ್ಲಿದ್ದದ್ದು ಅರಿವಳಿಕೆಯಲ್ಲಿ ಉಸಿರಿನ ದಾರಿಗೆ ಬಂದರೆ ಜೀವಕ್ಕೇ ಕುತ್ತು ಎಂದು ಡಾಕ್ಟರು ನಮ್ಮನ್ನು ವಾಪಸ್ಸು ಕಳಿಸಿದರು. ಇಡೀ ಒಂದು ತಿಂಗಳು ಹೋಯಿತು. ಹದಿನೈದು ದಿನ ನಾನು ಅತ್ತೆಯ ಜೊತೆ ಮಾತಾಡಲಿಲ್ಲ.

ಸೋದರಮಾವ ಎಂದರೆ ನನ್ನ ತಮ್ಮ ಪ್ರಭು. ನಾನು ಏಳು ತಿಂಗಳ ಬಸುರಿಯಿದ್ದಾಗ ಜ್ವರ ಬಂದು ಐದೇ ದಿನದಲ್ಲಿ ಹೋಗಿಬಿಟ್ಟ. "ಅಕ್ಕಾ, ಕಿವಿ ಚುಚ್ಚಸೋ ದಿನ ಕೂಸಿಗಿ ನಾನೇ ಹಿಡೀತೀನಿ. ಅಳಾಕ ಬಿಡಂಗಿಲ್ಲ ನೋಡು" ಎಂದು ನನ್ನ ಹೊಟ್ಟೆ ನೋಡಿ ಹೇಳುತ್ತಿದ್ದ. ಸೃಷ್ಟಿಯ ಕಿವಿ ಚುಚ್ಚಿಸಿರಲಿಲ್ಲ. ಕೇಳಿದವರಿಗೆ, ನನಗೆ ಅದರಲ್ಲೆಲ್ಲ ನಂಬಿಕೆಯಿಲ್ಲ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಬೇರೆಯವರ ತೊಡೆಯ ಮೇಲೆ ಅವಳನ್ನು ಕೂರಿಸುವುದು ನನ್ನಿಂದ ಆಗುತ್ತಿರಲಿಲ್ಲ.

ಎರಡನೆಯ ಸಲ ಯಾರ ಮಾತೂ ನಡೆಯಗೊಡಲಿಲ್ಲ. ಅತ್ತೆಗೆ ಮನೆಯಲ್ಲೇ ಇರಿ ಎಂದೆ. ಬಸ್ಸು ಬೇಡವೆಂದು ಕಾರು ಮಾಡಿಸಿದೆ. ನಮ್ಮ ಕಡೆ ಬಸ್ಸಿನಲ್ಲಿ ಕೂಸು ಅತ್ತರೆ ಹಿಂದೆ ಮುಂದೆ ಕೂತವರೆಲ್ಲ ಬಿಸ್ಕೀಟು ಚಾಚುತ್ತಾರೆ. ನಮ್ಮ ಮನೆಯವರ ಅಂಗಿ ಜೇಬು, ನನ್ನ ಚೀಲ, ಕೊನೆಗೆ ಡ್ರೈವರನ ಮುಂದಿನ ಖಾನೆಯನ್ನೂ ನೋಡಿದೆ. ಹಾಲಿಗಾಗಿ ಅವಳು ದಾರಿಯುದ್ದಕ್ಕೂ ಕೂಗಿದಳು. ನಾನು ಕೊಡಲಿಲ್ಲ. ಆಸ್ಪತ್ರೆಯಲ್ಲಿ ಅವರು ಕೊಟ್ಟ ಬಟ್ಟೆಯನ್ನು ನಾನೇ ತೊಡಿಸಿ, ಎರಡೂ ಅಂಗೈ ಬಿಡಿಸಿ, ಹಸಿಬಟ್ಟೆಯಿಂದ ಒರೆಸಿ ಕಳಿಸಿದೆ. "ಪೊಲೀಸರ ತಪಾಸಣಿ ಆದಂಗಾತಲ್ರಿ ಅಕ್ಕಾರ!" ಎಂದು ಸಿಸ್ಟರ್ ನಕ್ಕಳು. ಮಗಳು ಚೀರುತ್ತಲೇ ಒಳಗೆ ಹೋದಳು.

ನಾವಿಬ್ಬರೂ ಬಾಗಿಲ ಮುಂದೆ ನಿಂತೆವು. ಅರ್ಧ ಗಂಟೆಯೂ ಆಗಿರಲಿಕ್ಕಿಲ್ಲ, ಹೊರಗೆ ತಂದರು. ಇಂಥ ಮಕ್ಕಳು ಎಚ್ಚರವಾಗುವಾಗ ರಂಪ ಮಾಡುತ್ತಾರೆ, ಗಾಬರಿಯಾಗಬೇಡಿ ಎಂದು ಮೊದಲೇ ಹೇಳಿದ್ದರು. ಸೃಷ್ಟಿ ಅಳುತ್ತಿರಲಿಲ್ಲ. ಕಣ್ಣು ಅರ್ಧ ತೆರೆದು ಸುಮ್ಮನೆ ಮಲಗಿದ್ದಳು. ಸೂಜಿ ಹಾಕಿದ್ದ ಬಲಗೈಗೆ ಪಟ್ಟಿ ಕಟ್ಟಿತ್ತು. ಎಡಗೈ ಮುಷ್ಟಿ ಬಿಗಿಯಾಗಿತ್ತು. ಬಗ್ಗಿ ಮುತ್ತು ಕೊಡಲು ಹೋದಾಗ ಸ್ಪಿರಿಟ್ಟಿನ ವಾಸನೆಯ ಜೊತೆ ಬೆಲ್ಲದ ವಾಸನೆ ಬಂತು.

ಮುಷ್ಟಿ ಬಿಡಿಸಿದೆ. ಅವಳು ಬಿಡಲೊಲ್ಲಳು, ಒಂದೊಂದೇ ಬೆರಳು ಎಬ್ಬಿಸಿದೆ. ಒಂದು ಚೂರು ಕೊಬ್ಬರಿ, ಕೈಯ ಬಿಸಿಗೆ ಕರಗಿ ಅಂಟಿದ ಬೆಲ್ಲ. ಆಗ ಅವಳು ಅಳತೊಡಗಿದಳು. ಎಲ್ಲಿ ಬಾಯಿಗೆ ಹಾಕಿಕೊಂಡಾಳೋ ಎಂಬ ಹೆದರಿಕೆಯಲ್ಲಿ ಅದನ್ನು ಕಿತ್ತುಕೊಂಡು ಓಡಿಹೋಗಿ ನಲ್ಲಿಯ ಕೆಳಗೆ ಹಿಡಿದೆ. ಕೊಬ್ಬರಿಯ ಚೂರು ಮೋರಿಯಲ್ಲಿ ಹೋದ ಮೇಲೆ ನಾನು ಏನು ಮಾಡಿದೆ ಎಂಬುದು ಗೊತ್ತಾಯಿತು. ಕಾರ್ಖಾನೆಯಲ್ಲಿ ಪ್ರತಿ ಬ್ಯಾಚಿನದೂ ಒಂದಿಷ್ಟು ಮಾದರಿ ತೆಗೆದಿಡುವವಳು ಇದೊಂದನ್ನು ತೊಳೆದು ಹಾಕಿದ್ದೆ. ಈಗಲೂ ಅದನ್ನು ನೆನೆಸಿದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಭ್ರಮೆ ಎನ್ನಬಹುದಿತ್ತು. ಆದರೆ ನಮ್ಮ ಮನೆಯವರೂ ನೋಡಿದ್ದರು, ಅಳುತ್ತಿದ್ದವಳನ್ನು ಎತ್ತಿಕೊಂಡ ಅವರ ಅಂಗಿಯ ತೋಳಿಗೂ ಬೆಲ್ಲ ಹತ್ತಿತ್ತು. ಸಿಸ್ಟರನ್ನು, ಆಯಾಳನ್ನು, ಆಚೆ ಮಂಚದವರನ್ನು ಕೇಳಿದೆ, ಯಾರೂ ಕೊಟ್ಟಿಲ್ಲವೆಂದರು. ಅರಿವಳಿಕೆ ಕೊಟ್ಟ ಡಾಕ್ಟರು ನನ್ನನ್ನು ವಿಚಿತ್ರವಾಗಿ ನೋಡಿ, "ಅದೇ ಎಡಗೈ ಬೆರಳಿಗಿ ಆಕ್ಸಿಜನ್ ನೋಡೋ ಕ್ಲಿಪ್ ಹಾಕಿದ್ದೆ ನೋಡ್ರಿ. ಮುಗಿಯೋತನಾ ಕೈ ನನ್ನ ಕಣ್ಣ ಮುಂದೇ ಬಿಚ್ಚೇ ಇತ್ತು. ಕ್ಲಿಪ್ ತೆಗದಿದ್ದು ಬಾಗಲದ ಹಂತೇಕ" ಎಂದರು. ಬಾಗಿಲಿನಿಂದ ನಮ್ಮವರೆಗೆ ನಾಲ್ಕು ಹೆಜ್ಜೆ.

ಅತ್ತೆಗೆ ಫೋನಿನಲ್ಲಿ ಹೇಳಿದೆ. ನಾ ಹೇಳಲಿಲ್ಲೇನ ಎಂದು ಗದರುತ್ತಾರೆಂದುಕೊಂಡಿದ್ದೆ.

"ಹೊರಗ ತರೋವಾಗ ಅಳಾಕತ್ತಿದ್ಳೇನ?" ಎಂದು ಕೇಳಿದರು.

"ಇಲ್ರಿ ಅತ್ತಿ."

"ಹಂಗಾದ್ರ ಆತು ಬಿಡು" ಎಂದು ಫೋನಿಟ್ಟರು.

ಮನೆಗೆ ಬರುವಾಗ ಹೆದ್ದಾರಿಯಲ್ಲಿ ಲಾರಿಯೊಂದು ಹಾರ್ನ್ ಹೊಡೆಯಿತು. ಸೃಷ್ಟಿ ಬೆಚ್ಚಿಬಿದ್ದು ಕಿಟಕಿಯತ್ತ ತಿರುಗಿದಳು. ಹಾರ್ನಿಗೆ ಅವಳು ತಿರುಗಿದ್ದು ಅದೇ ಮೊದಲು. ನಾವಿಬ್ಬರೂ ಕಾರಿನಲ್ಲೇ ಅತ್ತೆವು. ಈಗ ಅವಳಿಗೆ ನಾಲ್ಕೂವರೆ ವರ್ಷ. ಬಾಯಿ ಮುಚ್ಚಿಸುವುದೇ ನಮಗೆ ಕೆಲಸವಾಗಿದೆ. ಅಂದು ಒಳಗೆ ಯಾರಿದ್ದರು ಎಂದು ಎಷ್ಟೋ ಸಲ ಕೇಳಿದ್ದೇನೆ. ಅವಳಿಗೆ ಏನೂ ನೆನಪಿಲ್ಲ.

ನಳಿಕೆಗಳು ತಾವಾಗಿಯೇ ಬಿದ್ದುಹೋದವು. ಎಡಗಿವಿಯಲ್ಲಿ ಮಾತ್ರ ಮತ್ತೆ ನೀರು ತುಂಬಿದೆ. ಮುಂದಿನ ತಿಂಗಳು ಇನ್ನೊಮ್ಮೆ ಅದೇ ಆಪರೇಷನ್. ಈ ಸಲವೂ ಎಲ್ಲರ ಚೀಲ ನೋಡುತ್ತೇನೆ, ಅತ್ತೆಯನ್ನು ಮನೆಯಲ್ಲೇ ಬಿಡುತ್ತೇನೆ, ಒಳಗೆ ಕಳಿಸುವ ಮುನ್ನ ಎರಡೂ ಅಂಗೈ ಬಿಡಿಸಿ ಒರೆಸುತ್ತೇನೆ. ಇದರಲ್ಲಿ ಯಾವ ರಿಯಾಯಿತಿಯೂ ಇಲ್ಲ. ಆದರೆ ಹೊರಗೆ ಬಂದಾಗ ಅವಳ ಮುಷ್ಟಿ ಬಿಗಿಯಾಗಿದ್ದರೆ, ಬಾಯಿಗೆ ಹೋಗದಂತೆ ಆ ಕೈಯನ್ನು ನನ್ನ ಕೈಯಲ್ಲಿ ಹಿಡಿದುಕೊಂಡು ಕೂರುತ್ತೇನೆ. ನಾನಾಗಿ ಬಿಡಿಸುವುದಿಲ್ಲ.