ಒಂದು ತಿರುವು ಹಿಂದೆ

ನಾನು ಒಬ್ಬನೇ ಮಾತಾಡಿಕೊಳ್ಳುತ್ತೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನದೆಲ್ಲ ಈ ಚಟದಿಂದಲೇ ಆದದ್ದು. ಮನೆಯಲ್ಲಿ ಮಾತಾಡಿಕೊಂಡರೆ ಗೋಡೆಯಾಚೆಯವರಿಗೆ ಕೇಳಿಸೀತು ಎಂಬ ಅಂಜಿಕೆ. ಬ್ಯಾಂಕಿನಲ್ಲಂತೂ ಆಗದ ಮಾತು. ಹಾಗಾಗಿ ವಾರದ ಮಾತನ್ನೆಲ್ಲ ಕೂಡಿಟ್ಟುಕೊಂಡು, ಭಾನುವಾರ ಬೆಳಿಗ್ಗೆ ವಿಶಾಖಪಟ್ಟಣದಂಚಿನ ಮುಡಸರ್ಲೋವ ಕೆರೆಯ ಕಡೆಯ ಕಾಡುದಾರಿಯಲ್ಲಿ, ಸೈಕಲ್ ಮೇಲೆ ಕೂತು, ಕನ್ನಡದಲ್ಲಿ ಆಡಿ ಮುಗಿಸುತ್ತೇನೆ.

ಸೈಕಲ್ ಎಂದರೆ ತುಮಕೂರಿನಲ್ಲಿ ನಾನು ಬಾರ್ ಕೆಳಗೆ ಕಾಲು ತೂರಿಸಿ ಕಲಿತ ಸೈಕಲ್ ಅಲ್ಲ. ದಪ್ಪ ಟೈರು, ಮುಂದೆ ಶಾಕ್ ಅಬ್ಸಾರ್ಬರು, ಲೆಕ್ಕ ಮರೆತುಹೋಗುವಷ್ಟು ಗೇರು. ಸ್ಟ್ಯಾಂಡ್ ಇಲ್ಲ, ಕ್ಯಾರಿಯರ್ ಇಲ್ಲ. ಇದರ ಮೇಲೆ ಇನ್ನೊಬ್ಬರನ್ನು ಕೂರಿಸಿಕೊಳ್ಳುವಂತಿಲ್ಲ ಎಂಬುದು ಕೊಂಡ ಮೇಲೆ ಹೊಳೆಯಿತು. ಕೂರಿಸಿಕೊಳ್ಳಲು ಇಲ್ಲಿ ಯಾರೂ ಇರಲಿಲ್ಲ ಎನ್ನುವುದು ಬೇರೆ ಮಾತು.

ಹೆಂಡತಿ ಸುಮಾ ಮತ್ತು ಮಗಳು ವಿಜಯವಾಡದ ಪಟಮಟದಲ್ಲಿದ್ದರು. ಬ್ಯಾಂಕು ನನ್ನನ್ನು ಮೊದಲು ಕಳಿಸಿದ್ದು ಅಲ್ಲಿಗೇ. ಸುಮಾ ಅಲ್ಲೊಂದು ಶಾಲೆಯಲ್ಲಿ ಟೀಚರಾದಳು, ಮಗಳು ಅಲ್ಲೇ ಬೆಳೆದು ತೆಲುಗಿನಲ್ಲಿ ಜಗಳವಾಡುವಷ್ಟಾದಳು. ಆಮೇಲೆ ಬ್ಯಾಂಕಿಗೆ ನಾನು ಒಂದೇ ಕಡೆ ಬೇರು ಬಿಡುತ್ತಿದ್ದೇನೆ ಎಂಬ ಗುಮಾನಿ ಬಂದು ಇಲ್ಲಿಗೆ ಎತ್ತಿ ಹಾಕಿತು. ಎರಡನೇ ಶನಿವಾರ ನಾನೇ ರೈಲು ಹತ್ತಿ ಹೋಗುತ್ತಿದ್ದೆ. ಅವರಿನ್ನೂ ನನ್ನ ಈ ಮನೆಯನ್ನು ನೋಡಿರಲಿಲ್ಲ. ನಮ್ಮ ಪುರಾಣಗಳಲ್ಲಿ ವನವಾಸಕ್ಕೆ ಹೊರಟವರು ಬಹುಪಾಲು ಹೆಂಡತಿಯನ್ನು, ತಮ್ಮಂದಿರನ್ನು ಕರೆದುಕೊಂಡೇ ಹೋದರು. ಒಂಟಿ ವನವಾಸ ಎಂಬುದು ಬ್ಯಾಂಕಿನವರು ಕಂಡುಹಿಡಿದದ್ದಿರಬೇಕು.

ಫೋನ್ ಇದೆಯಲ್ಲ ಎನ್ನುತ್ತೀರಿ. ಇದೆ. ದಿನಾ ಸಂಜೆ ಮಾತಾಡುತ್ತೇವೆ. ಗ್ಯಾಸ್ ಬಂತಾ, ಮಳೆ ಬಂತಾ, ಕೆಲಸದವಳು ಬಂದಳಾ. ಮಗಳು ನಡುವೆ ಬಂದು "ಅಪ್ಪಾ, ಊಟ ಆಯ್ತಾ?" ಎಂದು ಕನ್ನಡದಲ್ಲಿ ಕೇಳುತ್ತಾಳೆ. ಆಯ್ತು ಎಂದರೆ "ಸರೇ, ಉಂಟಾನು" ಎಂದು ತೆಲುಗಿನಲ್ಲಿ ವಿದಾಯ ಹೇಳಿ ಹೊರಟುಬಿಡುತ್ತಾಳೆ. ಅವಳ ಕನ್ನಡ ಬರಬರುತ್ತ ನನ್ನ ಊಟದಷ್ಟೇ ಆಗಿತ್ತು. ನಾನು ಹೇಳಬೇಕಾದದ್ದು ಮಾತ್ರ ಈ ಯಾವ ಮಾತಿನ ಸಂದಿಯಲ್ಲೂ ತೂರುತ್ತಿರಲಿಲ್ಲ.

ಹೇಳಬೇಕಾದದ್ದು ಇಷ್ಟೇ: ನೀವಿಬ್ಬರೂ ಇಲ್ಲಿಗೆ ಬಂದುಬಿಡಿ. ಮಗಳದು ಈ ಸಲ ಹತ್ತನೇ ಕ್ಲಾಸು ಮುಗಿಯುತ್ತದೆ. ಅಲ್ಲೇ ಇಂಟರ್‌ಗೆ, ಅಂದರೆ ನಮ್ಮ ಪಿಯುಸಿಗೆ, ಸೇರಿಬಿಟ್ಟರೆ ಇನ್ನೆರಡು ವರ್ಷ ಯಾರೂ ಕದಲುವಂತಿಲ್ಲ. ಆದರೆ ಸುಮಾಳ ಕೆಲಸ ಬಿಡಿಸಿ, ಮಗಳ ಗೆಳತಿಯರನ್ನು ಬಿಡಿಸಿ, ಬನ್ನಿ ಎನ್ನಲು ನನ್ನ ಹತ್ತಿರ ಇದ್ದ ಕಾರಣ ಒಂದೇ, ನನಗೆ ಬೇಸರವಾಗುತ್ತದೆ ಎಂಬುದು. ಐವತ್ತರ ಹತ್ತಿರದ ಗಂಡಸು ಅದನ್ನು ಕಾರಣ ಅಂತ ಹೇಳುವುದು ಹೇಗೆ? ಅದಕ್ಕೇ ಕಾಡಿನಲ್ಲಿ ಅಭ್ಯಾಸ ಮಾಡುತ್ತಿದ್ದೆ.

ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎನ್ನುತ್ತಾರಲ್ಲ, ಭಾನುವಾರ ನಾನು ಜೊತೆಗೂಡುವ ಸೈಕಲ್ ಗುಂಪಿನದು ಈ ಪೋರರ ದಾರಿ. ಕೆಂಪು ಮಣ್ಣು, ಗೇರುಮರಗಳು, ಒಬ್ಬರಿಗೇ ಸಾಲುವಷ್ಟು ಅಗಲ. ಗುಂಪಿನಲ್ಲಿ ಹೊರಟರೂ ಒಬ್ಬರ ಹಿಂದೊಬ್ಬರು; ಪಕ್ಕದಲ್ಲಿ ಯಾರೂ ಇರುವುದಿಲ್ಲ. ಮೊದಲ ಏರಿನಲ್ಲೇ ಎಲ್ಲರೂ ನನ್ನನ್ನು ದಾಟಿ ಮರೆಯಾಗುತ್ತಾರೆ. ಆಮೇಲೆ ನಾನು, ಸೈಕಲ್ ಗೇರಿನ ಕಟಕಟ, ಮರಗಳ ಸಂದಿಯಲ್ಲಿ ಆಗೀಗ ಕಾಣುವ ಕೆರೆ. "ನೋಡು ಸುಮಾ..." ಎಂದು ಶುರು ಮಾಡುತ್ತಿದ್ದೆ. ಏರಿನಲ್ಲಿ ಗದರುವ ದನಿ ಬರುತ್ತಿತ್ತು, ಇಳಿಜಾರಿನಲ್ಲಿ ಉದಾರವಾದ ದನಿ. ಒಂದು ಭಾನುವಾರ ಮಾತ್ರ "ಮನೆಗೆ ಬಂದು ಬೀಗ ತೆಗೆಯೋದೇ ಕಷ್ಟ ಕಣೇ" ಎಂದು ಹೇಳಿ, ಸೈಕಲ್ ಇಳಿದು ನಿಂತಿದ್ದೆ.

ನನ್ನ ಹಿಂದೆ ಒಬ್ಬರಿದ್ದರು, ನಿಜ. ಅಪ್ಪಾರಾವು ಗಾರು. ದುವ್ವಾಡದ ಕಡೆಯವರು, ರೈಲ್ವೆಯಲ್ಲಿದ್ದು ನಿವೃತ್ತರಾದವರು. ಸವಾರಿ ಮುಗಿಸಿ ಎಲ್ಲರೂ ಸೇರುವ ಟೀ ಅಂಗಡಿಗೆ ಯಾವಾಗಲೂ ನನ್ನ ನಂತರ ಬಂದು, ಜೇಬಿನಿಂದ ಅನಕಾಪಲ್ಲಿ ಬೆಲ್ಲದ ಚೂರು ತೆಗೆದು ಬಾಯಿಗೆ ಹಾಕಿಕೊಂಡು, ಮಾತಿಲ್ಲದೆ ಕೂರುತ್ತಿದ್ದರು. ವಯಸ್ಸಾಗಿದೆ, ಪಾಪ, ನಿಧಾನ, ಎಲ್ಲೋ ದೂರದಲ್ಲಿ ಬರುತ್ತಿರುತ್ತಾರೆ ಎಂದುಕೊಂಡಿದ್ದೆ. ನನಗಿಂತ ಹಿಂದೆ ಒಬ್ಬರಿದ್ದಾರೆಂಬ ಸಮಾಧಾನಕ್ಕೆ ಅವರನ್ನು ಸ್ವಲ್ಪ ಪ್ರೀತಿಸುತ್ತಲೂ ಇದ್ದೆ.

ಒಂದು ಭಾನುವಾರ ಕಡಿದಾದ ಏರಿನಲ್ಲಿ ನನ್ನ ಚೈನು ಕಳಚಿತು. ಇಳಿದು ಕೈ ಮಸಿ ಮಾಡಿಕೊಳ್ಳುವಷ್ಟರಲ್ಲಿ ಅಪ್ಪಾರಾವು ತಿರುವು ದಾಟಿ ಬಂದರು. ಏದುಸಿರಿಲ್ಲ, ಬೆವರಿಲ್ಲ.

"ಚೈನ್ ಬಿತ್ತೇನ್ರೀ ಸರ್? ಸರೀರಿ, ನಾನು ಹಾಕ್ತೀನಿ."

ಕನ್ನಡ. ನಾನು ದಾರಿಯುದ್ದಕ್ಕೂ ಆಡಿಕೊಳ್ಳುತ್ತಿದ್ದ ಭಾಷೆಯೇ.

"ಬಳ್ಳಾರಿ ಕಡೆ ಭಾಳ ವರ್ಷ ಇದ್ದೆ ಸರ್," ಎಂದರು ಚೈನು ಕೂರಿಸುತ್ತ. "ಗೂಡ್ಸ್ ಗಾಡಿ ಗಾರ್ಡು."

ಗೂಡ್ಸ್ ಗಾರ್ಡು ಎಂದರೆ ರೈಲಿನ ಕೊನೆಯ ಡಬ್ಬಿಯಲ್ಲಿ ಒಬ್ಬನೇ ಕೂತು, ಮುಂದಿನದೆಲ್ಲ ಕಳಚದೆ ಹೋಗುತ್ತಿದೆಯೇ ಎಂದು ನೋಡಿಕೊಳ್ಳುವವನು. ಗುಂಪಿನಲ್ಲೂ ಅವರ ಕೆಲಸ ಅದೇ ಎಂದು ಆಮೇಲೆ ಉಳಿದವರನ್ನು ಕೇಳಿ ತಿಳಿದೆ. ಯಾರೂ ಕಾಡಿನಲ್ಲಿ ಉಳಿಯದಂತೆ ಎಲ್ಲರಿಗಿಂತ ಹಿಂದೆ ಒಬ್ಬರು ಬರಬೇಕಂತೆ. ಎಲ್ಲರಿಗಿಂತ ಹಿಂದೆ ಎಂದರೆ ನನ್ನ ಹಿಂದೆ. ಅವರು ನಿಧಾನವಾಗಿ ಬರುತ್ತಿದ್ದದ್ದು ನನ್ನಿಂದಾಗಿ.

ಆ ವಾರವೆಲ್ಲ ನಾಚಿಕೆಯಲ್ಲಿ ಬೆಂದೆ. ಬೀಗದ ಮಾತು, ನಡುನಡುವೆ ಮ್ಯಾನೇಜರಿಗೆ ಬೈದದ್ದು, ಅಪಸ್ವರದ ಹಾಡು, ಎಲ್ಲ ಅವರ ಕಿವಿಗೆ ಬಿದ್ದಿರಬೇಕು. ಮುಂದಿನ ಭಾನುವಾರ ತುಟಿ ಬಿಚ್ಚದೆ ಕೆರೆಯ ಅಂಚಿನವರೆಗೂ ತುಳಿದೆ. ಕಾಡು ಇಷ್ಟು ಖಾಲಿ ಎಂದು ನನಗೆ ಗೊತ್ತಿರಲಿಲ್ಲ. ಅಲ್ಲಿ ನೀರು ನೋಡುತ್ತ ನಿಂತಾಗ ಅಪ್ಪಾರಾವು ಬಂದು ಪಕ್ಕದಲ್ಲಿ ಸೈಕಲ್ ಮಲಗಿಸಿದರು. ಬೆಲ್ಲ ಮುರಿದು ಅರ್ಧ ನನಗೆ ಕೊಟ್ಟರು.

"ಯಾಕ್ರೀ ಸರ್, ಇವತ್ತು ಮಾತೇ ಇಲ್ಲ?"

"ಎಲ್ಲ ಕೇಳಿಸ್ತಿತ್ತಾ?"

"ಕಾಡಲ್ವೇನ್ರೀ. ಚೆನ್ನಾಗಿ ಕೇಳ್ತೈತಿ. ಹತ್ರ ಬಂದ್ರೆ ನೀವು ನಿಲ್ಲಿಸ್ಬಿಡ್ತೀರಿ ಅಂತ ಒಂದು ತಿರುವು ಹಿಂದೆ ಬರ್ತಿದ್ದೆ." ಸ್ವಲ್ಪ ಹೊತ್ತು ಬೆಲ್ಲ ಚೀಪಿದರು. "ಮೇಡಂ ಗಾರಿಗೆ ಹೇಳಿದ್ರಾ?"

"ಇನ್ನೂ ಇಲ್ಲ."

"ಅಷ್ಟು ಸಲ ಕರೆದಿದ್ರೆ ನಾನಾದ್ರೂ ಬಂದ್ಬಿಡ್ತಿದ್ದೆ ಸರ್," ಎಂದವರೇ ಎದ್ದು, ಕೆರೆಯ ಆ ಕಡೆಗೆ ನಡೆದುಹೋದರು. ನನ್ನ ಮಾತು ಕೇಳಿಸದಷ್ಟು ದೂರ, ಬೇಕೆಂತಲೇ.

ಫೋನ್ ಮಾಡಿದೆ. ಬೆಳಿಗ್ಗೆಯೇ ನನ್ನ ಫೋನ್ ಬಂದದ್ದಕ್ಕೆ ಸುಮಾ ಗಾಬರಿಯಾದಳು.

"ಏನಾಯ್ತ್ರೀ? ಬಿದ್ರಾ?"

"ಬಿದ್ದಿಲ್ಲ." ಅಭ್ಯಾಸ ಮಾಡಿದ್ದ ಒಂದು ವಾಕ್ಯವೂ ನೆನಪಿಗೆ ಬರಲಿಲ್ಲ. "ನೀವಿಬ್ರೂ ಇಲ್ಲಿಗೆ ಬಂದ್ಬಿಡಿ ಸುಮಾ. ಒಬ್ಬನೇ ಇರೋಕೆ ನನ್ನ ಕೈಲಿ ಆಗ್ತಿಲ್ಲ."

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು. ಸ್ಟವ್ ಆರಿಸಿದ ಸದ್ದು. ಸರಿ, ಇನ್ನು ಶಾಲೆ, ಕಾಲೇಜು, ಗೆಳತಿಯರು ಎಲ್ಲ ಬರುತ್ತದೆ ಎಂದು ಕಾದೆ.

"ಆ ಮನೆ ಅಡುಗೆಮನೆಗೆ ಕಿಟಕಿ ಇದೆಯಾ?" ಎಂದಳು.

ನನಗೆ ಗೊತ್ತಿರಲಿಲ್ಲ. ನಾನು ಅಲ್ಲಿ ಕಾಫಿಗೆ ನೀರು ಕಾಯಿಸುವುದು ಬಿಟ್ಟರೆ ಬೇರೇನೂ ಮಾಡಿದವನಲ್ಲ. "ನೋಡಿ ಹೇಳ್ತೀನಿ" ಎಂದೆ.

"ಅಲ್ಲೇ ವಾಸ ಮಾಡ್ತಾ ಇದ್ದೀರಲ್ರೀ," ಎಂದು ನಿಟ್ಟುಸಿರು ಬಿಟ್ಟು ಫೋನ್ ಇಟ್ಟಳು.

ಟೀ ಅಂಗಡಿಯಲ್ಲೂ ನಿಲ್ಲದೆ ಮನೆಗೆ ತುಳಿದೆ. ಆ ದಿನ ಹಿಂದೆ ಬಂದ ಅಪ್ಪಾರಾವು ಅವರಿಗೆ ನಿಜವಾಗಿ ಬೆವರು ಬಂದಿರಬೇಕು. ಅಡುಗೆಮನೆಯ ಗೋಡೆಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಆನಿಸಿಟ್ಟಿದ್ದೆ, ಸೈಕಲ್ ಬಂದಿದ್ದ ಪೆಟ್ಟಿಗೆ. ಇನ್ನೊಂದು ವರ್ಗಾವಣೆಗೆ ಬೇಕಾದೀತು ಎಂದು ಎಸೆದಿರಲಿಲ್ಲ. ಎಳೆದು ಪಕ್ಕಕ್ಕಿಟ್ಟೆ. ಕಿಟಕಿ ಇತ್ತು. ದೊಡ್ಡದೇ ಇತ್ತು. ತೆಗೆದರೆ ಬಿಸಿಲು ನೇರವಾಗಿ ಒಲೆಯ ಕಟ್ಟೆಗೆ ಬಿತ್ತು.

ಫೋಟೋ ತೆಗೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ಜಾಲರಿ ಇಲ್ಲ. ಸೊಳ್ಳೆ ಬರುತ್ತೆ. ನಾವು ಬರೋದರೊಳಗೆ ಹಾಕಿಸಿ."