ಮಾಶಿ ಹೇಳಿದ ಕೊಲೆ

ಇವತ್ತು ಗರಿಯಾಹಾಟ್‌ನಲ್ಲಿ ತಾಯಿಯೊಬ್ಬಳು ಮಗುವಿಗೆ "ಕೊಲೆ ಆಯ್" ಅಂದಳು. ಬಂಗಾಳಿಯಲ್ಲಿ ಮಡಿಲಿಗೆ ಬಾ ಅಂತ. ನನ್ನ ಬಾಯಲ್ಲಿ ರಕ್ತದ ರುಚಿ ಬಂತು.

ನಾನು ಚಿಕ್ಕವಳಿದ್ದಾಗ, ನಾವು ಕೋಲ್ಕತ್ತಕ್ಕೆ ಬಂದು ವಾರವೂ ಆಗಿರಲಿಲ್ಲ. ಅಪ್ಪ ಊರಿಂದ ತಂದ ಕ್ಯಾಸೆಟ್ಟಿನಲ್ಲಿ ಹಳೇ ಸಿಐಡಿ ಸಿನಿಮಾ ಹಾಕಿದ್ದರು. ವೇಷ ಮರೆಸಿಕೊಂಡು ಗ್ಯಾಂಗ್ ಸೇರಿದ್ದ ಪೊಲೀಸನನ್ನು ಕೇಡಿಗಳು ರಟ್ಟಿನ ಗೋಡೆ ಅಲ್ಲಾಡುವಂತೆ ಬಡಿದು, ಚೂರಿ ಹಾಕಿದರು. ಟೊಮೆಟೊ ಬಣ್ಣದ ರಕ್ತ ಚಿಮ್ಮಿತು. "ಕೊಲೆ! ಕೊಲೆ!" ಅಂತ ಯಾರೋ ಕಿರುಚಿದರು.

ಅಷ್ಟರಲ್ಲಿ ಪಕ್ಕದ ಮನೆಯ ಮಾಶಿ, ಅಂದರೆ ಬಂಗಾಳಿ ಚಿಕ್ಕಮ್ಮ, ಒಳಗೆ ಬಂದು, ನನ್ನತ್ತ ಕೈ ಚಾಚಿ "ಕೊಲೆ ಆಯ್!" ಅಂದರು.

ಹಾರಿ ಅವರ ಮುಂಗೈ ಕಚ್ಚಿದೆ. ಅಮ್ಮ ಕೆನ್ನೆಗೆ ಬಾರಿಸಿದರೂ ಬಿಡಲಿಲ್ಲ.

ಇವತ್ತು ಸಂಜೆ ಮಾಶಿಯ ಮನೆಗೆ ಹೋದೆ. ಈಗ ಮುದುಕಿಯಾಗಿರುವ ಅವರನ್ನು ಮಂಚದಿಂದ ಎತ್ತಿಯೇ ಕೂರಿಸಬೇಕು. ಕೈ ಚಾಚಿ "ಕೊಲೆ ಎಶೋ", ಮಡಿಲಿಗೆ ಬನ್ನಿ ಅಂದೆ. ಮಾಶಿ ನನ್ನ ಹಲ್ಲಿನ ಕಲೆಯಿದ್ದ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಬಚ್ಚಿಟ್ಟುಕೊಂಡರು.