ಸುತ್ತಲೂ ಹೊಲಿದ ಕ್ರಿಸ್‌ಮಸ್ ಕಾರ್ಡು

ಕ್ರಿಸ್‌ಮಸ್ ಬಂತೆಂದರೆ ಬೀದಿಯವರಿಗೆಲ್ಲ ಹೊಸ ಬಟ್ಟೆ, ಟೈಲರಮ್ಮನಿಗೆ ಮಾತ್ರ ಬೆನ್ನುನೋವು. ಹಗಲೆಲ್ಲ ಊರವರ ಕೋಟು, ಫ್ರಾಕು ಹೊಲಿದು, ಸಂಜೆ ಅಂಗಡಿ ಅಂಗಡಿ ಅಲೆದು ಉಡುಗೊರೆ ತಂದು, ಕೇಕು ಬೇಯಿಸಿ, ಬಂದವರಿಗೆಲ್ಲ ಬಡಿಸಿ, ಹೋದ ವರ್ಷ ಹಬ್ಬದ ಊಟಕ್ಕೆ ಕೂತವಳು ತಟ್ಟೆಯ ಮುಂದೆಯೇ ಗೊರಕೆ ಹೊಡೆದಿದ್ದಳು. ಬಸ್ ಓಡಿಸುವ ಗಂಡ ಆ ಕಥೆಯನ್ನು ಡಿಪೋದವರಿಗೆಲ್ಲ ಉಪ್ಪು ಖಾರ ಹಚ್ಚಿ ಹೇಳಿದ್ದ. ಮಾನ ಹೋದರೂ ಬುದ್ಧಿ ಬಂತಲ್ಲ, ಅಷ್ಟು ಸಾಕು.

ಈ ಸಲ ಅವಳು ಖಡಾಖಂಡಿತವಾಗಿ ಹೇಳಿಬಿಟ್ಟಳು. ಉಡುಗೊರೆ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಊಟಕ್ಕೆ ಒಂದು ಪಾತ್ರೆ ಸೂಪು, ಬ್ರೆಡ್ಡು. ಬೇಕಾದವರಿಗೆ ತಾನೇ ಮಾಡಿದ ಒಂದೊಂದು ಕಾರ್ಡು. ಗಂಡನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕಷ್ಟವಾದದ್ದು ಅಕ್ಕನ ಹತ್ತಿರ.

ಅಮ್ಮ ತೀರಿಕೊಂಡಾಗ ಇವಳಿನ್ನೂ ತೊದಲು ಮಾತಾಡುವ ಕೂಸು. ಜಡೆ ಹೆಣೆದು, ಬಾಯಿಗೆ ತುತ್ತಿಟ್ಟು, ಸೂಜಿಗೆ ದಾರ ಪೋಣಿಸುವುದನ್ನು ಕಲಿಸಿ ಬೆಳೆಸಿದವಳು ಅಕ್ಕ. ಈಗ ಆಚೆ ಬಡಾವಣೆಯಲ್ಲಿರುವ ಅವಳು ಪ್ರತಿ ಕ್ರಿಸ್‌ಮಸ್‌ಗೂ ಬಾಗಿಲಲ್ಲಿ ಹಿಡಿಸದಷ್ಟು ದೊಡ್ಡ ಡಬ್ಬ ಹೊತ್ತು ಬರುತ್ತಿದ್ದಳು. ಅಂಥವಳಿಗೆ ಫೋನಿನಲ್ಲಿ ಉಡುಗೊರೆ ಬೇಡ ಅಂದರೆ, "ಸರಿ, ನಿನ್ನಿಷ್ಟ" ಎಂದು ಇಟ್ಟುಬಿಟ್ಟಳು. ಆಮೇಲೆ ಮಾತಿಲ್ಲ. ಅಕ್ಕ ಮುನಿಸಿಕೊಂಡು ಹಬ್ಬಕ್ಕೇ ಬರದಿದ್ದರೆ ಎಂಬ ಭಯ ಟೈಲರಮ್ಮನನ್ನು ಹಿಡಿದುಕೊಂಡಿತು.

ಹಾಗಾಗಿ ಅಕ್ಕನ ಕಾರ್ಡಿಗೆ ಅವಳು ಜೀವ ತೇಯ್ದಳು. ದಪ್ಪ ಕಾಗದ ಮಡಿಚಿ, ಕೆಂಪು ಉಣ್ಣೆಬಟ್ಟೆಯ ಚೂರಿನಿಂದ ನಕ್ಷತ್ರ ಕತ್ತರಿಸಿ ಅಂಟಿಸಿದಳು. ಒಳಗೆ, ಇಷ್ಟು ವರ್ಷ ಬಾಯಿಬಿಟ್ಟು ಹೇಳದೇ ಇದ್ದದ್ದನ್ನು ಬರೆದಳು: ನೀನಿದ್ದೆ, ಅದಕ್ಕೇ ನನಗೆ ಅಮ್ಮ ಇಲ್ಲ ಅಂತ ಯಾವತ್ತೂ ಅನ್ನಿಸಲಿಲ್ಲ. ಮೇಲಿನ ಪುಟದ ಅಂಚಿಗೊಂದು ಬಿಳಿ ಹೊಲಿಗೆ ಇದ್ದರೆ ಚೆಂದವೆಂದು, ಕಣ್ಣೊರೆಸಿಕೊಂಡು ಮಿಷನ್ನಿಗೆ ಕೊಟ್ಟಳು. ಕಾಲು ಪೆಡಲಿನ ಮೇಲೆ, ಮನಸ್ಸು ಅಕ್ಕನ ಹತ್ತಿರ. ಜೀವಮಾನವೆಲ್ಲ ಎರಡು ಪದರ ಸೇರಿಸಿ ಹೊಲಿದ ಕೈ, ಬಿಟ್ಟ ಅಂಚು ಕಂಡರೆ ಸುಮ್ಮನಿರುತ್ತದೆಯೇ? ಅವಳಿಗೇ ಗೊತ್ತಾಗದಂತೆ ಎರಡೂ ಪುಟ ಸೇರಿಸಿ ದಿಂಬಿನ ಹಾಗೆ ಸುತ್ತಲೂ ಹೊಲಿದುಬಿಟ್ಟಿತು. ಅದನ್ನು ಗಂಡ ಅಂದೇ ಲಕೋಟೆಗೆ ಹಾಕಿ ಅಕ್ಕನ ಮನೆಗೆ ಮುಟ್ಟಿಸಿ ಬಂದ.

ಮಾರನೆಯ ದಿನ ಪಕ್ಕದ ಮನೆಯವರ ಕಾರ್ಡು ಹೊಲಿದು ತೆರೆಯಲು ಹೋದರೆ, ತೆರೆದುಕೊಳ್ಳಲಿಲ್ಲ. ಅಕ್ಕನ ಕಾರ್ಡಿಗೂ ಹೀಗೇ ಆಗಿದೆ ಎಂದು ಆಗ ಹೊಳೆಯಿತು. ಟೈಲರಮ್ಮ ತಲೆ ತಲೆ ಚಚ್ಚಿಕೊಂಡಳು. ಸಾಕಿ ಬೆಳೆಸಿದ್ದಕ್ಕೆ ಕಡೆಗೊಂದು ಬಟ್ಟೆ ಚೂರು ಕಳಿಸಿದಳು ಅಂದುಕೊಳ್ಳುವುದಿಲ್ಲವೇ ಅಕ್ಕ? ಫೋನು ಮಾಡಿದರೆ ಎತ್ತಲಿಲ್ಲ. ಹೋಗಿ ಹೇಳಿ ಬಾ ಎಂದು ಗಂಡ ಅಂದ. ಹೋಗಿ ಏನೆಂದು ಹೇಳುವುದು, ಅದು ಬಾಯಲ್ಲಿ ಬರುವ ಹಾಗಿದ್ದರೆ ಕಾರ್ಡು ಯಾಕೆ ಬೇಕಿತ್ತು ಎಂದು ಅವನ ಮೇಲೆಯೇ ರೇಗಿದಳು.

ಕ್ರಿಸ್‌ಮಸ್ ದಿನ ಅವಳು ಮೊದಲ ಬಾರಿಗೆ ಕಣ್ತುಂಬ ನಿದ್ದೆ ಮಾಡಿ ಎದ್ದಿದ್ದಳು. ಬೆನ್ನು ನೋಯುತ್ತಿರಲಿಲ್ಲ, ಒಲೆಯ ಮೇಲೆ ಸೂಪು ತನ್ನ ಪಾಡಿಗೆ ಕುದಿಯುತ್ತಿತ್ತು. ಅಕ್ಕನ ಚಿಂತೆಯೊಂದು ಬಿಟ್ಟರೆ ಸುಖವಾಗಿಯೇ ಇತ್ತು.

ಅಕ್ಕ ಬಂದಳು. ಡಬ್ಬವಿಲ್ಲ, ತೋಳಲ್ಲಿ ಕೈಚೀಲ ಮಾತ್ರ. ಕೂತು, ಕಾರ್ಡನ್ನು ತೆಗೆದು ಮೇಜಿನ ಮೇಲಿಟ್ಟಳು. ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ.

"ನಿನ್ನ ಹೊಲಿಗೆ ಬಿಚ್ಚೋಕೆ ಮನಸ್ಸಾಗ್ಲಿಲ್ಲ ಕಣೇ. ಬೆಳಕಿಗೆ ಹಿಡಿದೆ, ಏನೋ ಬರೆದಿದ್ದೀಯ ಅಂತ ಗೊತ್ತಾಯ್ತು, ಓದೋಕಾಗ್ಲಿಲ್ಲ. ನೀನೇ ಹೇಳು."

ಬರೆಯುವಾಗ ಸಲೀಸಾಗಿ ಬಂದದ್ದನ್ನು ಈಗ ಬಾಯಿಬಿಟ್ಟು ಹೇಳಬೇಕಿತ್ತು. ಗಂಡ ಸೂಪು ಕಲಕುವ ನೆಪದಲ್ಲಿ ಬೆನ್ನು ತಿರುಗಿಸಿದ. ಟೈಲರಮ್ಮ ಮೇಜನ್ನು ನೋಡುತ್ತ ಹೇಳಿದಳು.

"ನೀನಿದ್ದೆಯಲ್ಲಕ್ಕ. ನನಗೆ ಅಮ್ಮ ಇಲ್ಲ ಅಂತ ಯಾವತ್ತೂ ಅನ್ನಿಸಲೇ ಇಲ್ಲ."

ಅಕ್ಕ ಕಾರ್ಡಿನ ಅಂಚಿನ ಬಿಳಿ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಮೆಲ್ಲಗೆ, "ನಿನಗೆ ಏನೋ ಕಮ್ಮಿ ಮಾಡ್ಬಿಟ್ಟೆ ಅಂತ ನನಗೆ ಯಾವಾಗಲೂ ಕೊರೀತಿತ್ತು. ಅದಕ್ಕೇ ಅಷ್ಟು ದೊಡ್ಡ ಡಬ್ಬ ಹೊತ್ಕೊಂಡು ಬರ್ತಿದ್ದೆ" ಅಂದಳು.

ಟೈಲರಮ್ಮ ಹೊಲಿಗೆ ಬಿಚ್ಚಿಕೊಡಲು ಕತ್ತರಿಗೆ ಕೈ ಹಾಕಿದಳು. ಅಕ್ಕ ಕಾರ್ಡನ್ನು ತನ್ನ ಕಡೆಗೆಳೆದು ಚೀಲಕ್ಕೆ ಹಾಕಿಕೊಂಡಳು.

"ಹಾಗೇ ಇರಲಿ ಬಿಡೇ, ಕೇಳಿಸ್ಕೊಂಡೆನಲ್ಲ. ಸೂಪು ಬಡಿಸು."